ಸುಮ್ಮನಿರುವ ಕೈಯ ಕೆಲಸ

ಮೇಜಿನ ಮೇಲೆ ಬಿಚ್ಚಿಟ್ಟ ಒಂದು ಸ್ಮಾರ್ಟ್‌ವಾಚು. ಯಾರೂ ಮುಟ್ಟಿಲ್ಲ, ಫ್ಯಾನಿನ ಗಾಳಿಗೂ ಅಲುಗುತ್ತಿಲ್ಲ. ಅದರೊಳಗಿನ ಚಲನಮಾಪಕವನ್ನು ಈಗೇನು ನಡೆಯುತ್ತಿದೆ ಎಂದು ಕೇಳಿದರೆ ಅದು ಸೊನ್ನೆ ಎನ್ನುವುದಿಲ್ಲ, 9.8 ಎನ್ನುತ್ತದೆ. ಅದೇ ವಾಚು ಮೇಜಿನಿಂದ ಜಾರಿ ಬಿದ್ದರೆ, ನೆಲ ಮುಟ್ಟುವವರೆಗಿನ ಆ ಅರೆಕ್ಷಣ ಮಾತ್ರ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಸುಮ್ಮನಿರುವಾಗ ಲೆಕ್ಕ ತುಂಬ, ಬೀಳುವಾಗ ಲೆಕ್ಕ ಖಾಲಿ. ಛಾವಣಿಯಿಂದ ಬೀಳುವವನಿಗೆ ತನ್ನ ತೂಕವೇ ತಿಳಿಯದು ಎಂಬ ಯೋಚನೆ 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೂತಿದ್ದ ಐನ್‌ಸ್ಟೈನ್‌ಗೆ ಹೊಳೆದಿತ್ತು. ಆ ಯೋಚನೆ ಇವತ್ತು ಎಲ್ಲರ ಮಣಿಕಟ್ಟಿನಲ್ಲೂ ದುಡಿಯುತ್ತಿದೆ. ಮೇಜು ವಾಚನ್ನು ಕೆಳಗಿನಿಂದ ಎತ್ತಿ ಹಿಡಿದಿದೆ, ಭೂಮಿಯ ಸೆಳೆತಕ್ಕೆ ಸರಿಸಮನಾಗಿ ಒತ್ತುತ್ತಿದೆ. ಆ ಒತ್ತಡವೇ ಈ 9.8.

ಯಂತ್ರದ ಒಳಗಿರುವುದು ಸಿಲಿಕಾನಿನ ಒಂದು ಕಣದಂಥ ತುಂಡು. ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವಾದ ಸಿಲಿಕಾನಿನದೇ ಎಳೆಗಳು ಅದನ್ನು ಹಿಡಿದು ನಿಲ್ಲಿಸಿವೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರು ಡ್ರೈವರ್ ಬ್ರೇಕ್ ಹಾಕಿದಾಗ ಮುಂದಕ್ಕೆ ವಾಲುತ್ತಾರಲ್ಲ, ಕೈ ಆಡಿದಾಗ ಆ ತುಂಡೂ ಹಾಗೆಯೇ ವಾಲುತ್ತದೆ. ವಾಲಿದ ದೂರ ಯಾವ ಕಣ್ಣಿಗೂ ಕಾಣುವಂಥದ್ದಲ್ಲ. ಪಕ್ಕದ ಸಿಲಿಕಾನ್ ಹಲ್ಲುಗಳ ನಡುವಿನ ಅಂತರ ಬದಲಾಗಿ ವಿದ್ಯುತ್ತಿನ ಸಂಗ್ರಹ ಹೆಚ್ಚುಕಡಿಮೆಯಾಗುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಲ ಓದಿ ಬರೆದಿಡುವುದಷ್ಟೇ ಯಂತ್ರದ ಕೆಲಸ.

ಇನ್ನು ಆ ವಾಚನ್ನು ಆರೋಗ್ಯವಾಗಿರುವ ಒಬ್ಬರ ಕೈಗೆ ಕಟ್ಟಿ, ಕೈಯನ್ನು ಮುಂದಕ್ಕೆ ಚಾಚಿ ಅಲ್ಲಾಡಿಸದೆ ಹಿಡಿಯಿರಿ ಎನ್ನಿ. ಕಣ್ಣಿಗೆ ಕಲ್ಲಿನಂತೆ ನಿಂತ ಕೈ. ಆದರೆ ಸೂಕ್ಷ್ಮ ಮಾಪಕದಲ್ಲಿ ಸೆಕೆಂಡಿಗೆ 8ರಿಂದ 12 ಸಲದ ಒಂದು ಸಣ್ಣ ಕಂಪನ ಮೂಡುತ್ತದೆ. ಇದು ಕಾಯಿಲೆಯಲ್ಲ, ಎಲ್ಲರಲ್ಲೂ ಇರುವಂಥದ್ದು. ಇದರ ಜೊತೆಗೆ ಎದೆ ಬಡಿದಾಗಲೆಲ್ಲ ರಕ್ತದ ನೂಕು ಇಡೀ ದೇಹವನ್ನು ಕೂದಲೆಳೆಯಷ್ಟು ಕದಲಿಸುತ್ತದೆ. ಜೀವ ಇರುವವರೆಗೆ ನಾವು ಯಾರೂ ಪೂರ್ತಿ ಅಲುಗದೆ ಕೂತದ್ದೇ ಇಲ್ಲ ಎಂಬುದು ನನಗೆ ತಿಳಿದ ದಿನ, ಧ್ಯಾನಕ್ಕೆ ಕೂತವರ ಮೇಲೆ ನನಗಿದ್ದ ಗೌರವ ಕಡಿಮೆಯಾಗಲಿಲ್ಲ, ಅವರ ಮಾಂಸಖಂಡಗಳ ಮೇಲೆ ಹೊಸದೊಂದು ಗೌರವ ಹುಟ್ಟಿತು. ಸುಮ್ಮನಿರುವುದು ದೇಹ ಬಿಡುವಿಲ್ಲದೆ ಮಾಡುತ್ತಿರುವ ಒಂದು ಕೆಲಸ. ಆ ಕೆಲಸ ಕೆಟ್ಟಾಗ ಮಾತ್ರ ಅದು ನಮ್ಮ ಕಣ್ಣಿಗೆ ಬೀಳುತ್ತದೆ.

ಕೆಟ್ಟದ್ದನ್ನು ಮೊದಲು ನೆಟ್ಟಗೆ ನೋಡಿದವನು ಲಂಡನ್ನಿನ ಜೇಮ್ಸ್ ಪಾರ್ಕಿನ್‌ಸನ್. 1817ರಲ್ಲಿ ಅವನು ಬರೆದ ಕಿರುಹೊತ್ತಗೆಯಲ್ಲಿ ಇದ್ದದ್ದು ಆರೇ ಮಂದಿ. ಅವರಲ್ಲಿ ಕೆಲವರನ್ನು ಅವನು ಬೀದಿಯಲ್ಲಿ ಕಂಡಿದ್ದನಷ್ಟೆ. ಇಡೀ ಜಗತ್ತು ಅವನ ಹೆಸರಿನಲ್ಲಿ ಕರೆಯುವ ಕಾಯಿಲೆಯ ತಿಳಿವಳಿಕೆ ದಾರಿಹೋಕರ ನಡಿಗೆ ನೋಡಿ ಶುರುವಾದದ್ದು ಎಂಬುದು ಮರೆಯುವಂಥ ಸಂಗತಿಯಲ್ಲ. ರೋಗಿ ತನ್ನ ಪಾಡಿಗೆ ತಾನು ಹೋಗುತ್ತಿದ್ದ, ನೋಡುವವನು ದೂರದಲ್ಲಿ ನಿಂತಿದ್ದ. ಆಮೇಲೆ ಪ್ಯಾರಿಸ್ಸಿನ ನರವೈದ್ಯ ಶಾರ್ಕೋ ಬಂದ. ನಾಡಿಯ ಬಡಿತವನ್ನು ಕಾಗದದ ಮೇಲೆ ಗೀರುವ ಉಪಕರಣವನ್ನು ಮಣಿಕಟ್ಟಿಗೆ ಹೊಂದಿಸಿ ನಡುಕವನ್ನು ಗೆರೆಯಾಗಿ ಬರೆಸಿದ. ಪಾಠ ಹೇಳುವಾಗ ರೋಗಿಗಳ ತಲೆಯುಡುಗೆಗೆ ಉದ್ದನೆಯ ಗರಿ ಸಿಕ್ಕಿಸಿ, ನಡುಕದ ಬಗೆ ಹಿಂದಿನ ಬೆಂಚಿಗೂ ಕಾಣುವಂತೆ ಮಾಡಿದ. ಗರಿಯಿಂದ ಸಿಲಿಕಾನಿಗೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು, ಆದರೆ ಆಸೆ ಒಂದೇ.

ಅದೇ ಶಾರ್ಕೋಗೆ ಅವನ ರೋಗಿಗಳು ಇನ್ನೊಂದು ಮಾತು ಹೇಳಿದ್ದರು. ರೈಲಿನಲ್ಲೋ ಕುದುರೆಗಾಡಿಯಲ್ಲೋ ದೂರ ಪ್ರಯಾಣ ಮಾಡಿ ಇಳಿದಾಗ ಮೈ ಹಗುರಾಗಿರುತ್ತದೆ ಎಂದು. ಅವನು ಅದನ್ನು ನಂಬಿ ತಾನೇ ಅಲುಗುವ ಒಂದು ಕುರ್ಚಿ ಮಾಡಿಸಿದ. ಮಂಗಳೂರಿನಲ್ಲಿ ಸಂಜೆ ಹೊರಟು ಬೆಳಿಗ್ಗೆ ತಿರುವನಂತಪುರದಲ್ಲಿ ನಿಲ್ಲುವ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಕಾಸರಗೋಡಿನವರು ‘ಶ್ರೀಚಿತ್ರಾ’ ಆಸ್ಪತ್ರೆಗೆ ಹೋಗುವುದನ್ನು ನೆನೆದಾಗಲೆಲ್ಲ ನನಗೆ ಆ ಕುರ್ಚಿ ನೆನಪಾಗುತ್ತದೆ. ರಾತ್ರಿಯಿಡೀ ಕುಲುಕಿಸಿಕೊಂಡು ಹೋದ ಮೈ ಬೆಳಿಗ್ಗೆ ವೈದ್ಯರ ಮುಂದೆ ಹೇಗಿರುತ್ತದೋ, ಅದೇ ಆ ಮೈಯ ನಿತ್ಯದ ಸ್ಥಿತಿ ಎಂದು ಹೇಗೆ ಹೇಳುವುದು?

ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಎಂಬ ಉದ್ದ ಹೆಸರು ಜನರ ಬಾಯಲ್ಲಿ ಶ್ರೀಚಿತ್ರಾ ಆಗಿ ಉಳಿದಿದೆ. ತಿರುವಾಂಕೂರಿನ ರಾಜಮನೆತನ 1973ರಲ್ಲಿ ಕೊಟ್ಟ ಕಟ್ಟಡದಿಂದ ಬೆಳೆದದ್ದು. ಆಸ್ಪತ್ರೆ ಒಂದು ಕಡೆ, ವೈದ್ಯಕೀಯ ಉಪಕರಣ ಕಟ್ಟುವ ವಿಭಾಗ ಪೂಜಪ್ಪುರದ ಸ್ಯಾಟಲ್‌ಮಂಡ್ ಅರಮನೆಯಲ್ಲಿ ಇನ್ನೊಂದು ಕಡೆ. ರಾಣಿವಾಸದ ಅರಮನೆಯಲ್ಲಿ ಹೃದಯದ ಕವಾಟ ತಯಾರಾಯಿತು. ಹೃದಯ ಶಸ್ತ್ರಚಿಕಿತ್ಸಕ ವಲ್ಯತ್ತಾನ್ ಅವರ ಮುಂದಾಳುತನದಲ್ಲಿ ರೂಪುಗೊಂಡ ಆ ಕವಾಟವನ್ನು 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಕೂರಿಸಿದರು. ಹೃದಯ ನಿಮಿಷಕ್ಕೆ 70 ಸಲ ಬಡಿದರೂ ಕವಾಟದ ಬಿಲ್ಲೆ ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಸಲ ತೆರೆದು ಮುಚ್ಚಬೇಕು. (ಅದೇ ವಲ್ಯತ್ತಾನ್ ಆಮೇಲೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದರು, ಚರಕ ಸುಶ್ರುತರ ಮೇಲೆ ದಪ್ಪ ದಪ್ಪ ಪುಸ್ತಕ ಬರೆದರು, 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.) ಚಲನದೋಷಗಳಿಗೆಂದೇ ಶ್ರೀಚಿತ್ರಾದಲ್ಲಿ ಸಮಗ್ರ ಆರೈಕೆಯ ಒಂದು ಕೇಂದ್ರವಿದೆ. ಕೊಚ್ಚಿಯಲ್ಲೂ ಮಿದುಳಿನ ಆಳಕ್ಕೆ ತಂತಿ ಇಳಿಸುವ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗಳಿವೆ.

ಆದರೂ ಎಲ್ಲ ಕಡೆ ತೊಡಕು ಒಂದೇ. ಪಾರ್ಕಿನ್‌ಸನ್ ಕಾಯಿಲೆ ಇರುವುದು ಮನೆಯಲ್ಲಿ, ಪರೀಕ್ಷೆ ನಡೆಯುವುದು ಆಸ್ಪತ್ರೆಯಲ್ಲಿ. ಬೆರಳು ತಟ್ಟಿ ತೋರಿಸಿ, ಮುಷ್ಟಿ ಬಿಚ್ಚಿ ಮುಚ್ಚಿ, ಎದ್ದು ಆ ಗೋಡೆವರೆಗೆ ನಡೆದು ಬನ್ನಿ ಎನ್ನುತ್ತಾರೆ ವೈದ್ಯರು. ಒಂದೊಂದಕ್ಕೂ 0ರಿಂದ 4ರವರೆಗೆ ಅಂಕ. ದೊಡ್ಡ ಡಾಕ್ಟರ ಎದುರು ರೋಗಿ ಮೈಯೆಲ್ಲ ಎಚ್ಚರವಾಗಿ, ಗೋಡೆವರೆಗೆ ಸರಾಗವಾಗಿ ನಡೆದುಬಿಡುತ್ತಾರೆ. ಜೊತೆಗೆ ಬಂದ ಹೆಂಡತಿ ‘ಮನೆಯಲ್ಲಿ ಹೀಗಿಲ್ಲ ಡಾಕ್ಟ್ರೇ’ ಎನ್ನುತ್ತಾರೆ. ಆ ಮಾತಿಗೆ ಪುರಾವೆ ಇಲ್ಲ.

ಪುರಾವೆ ಬೇಕಾಗುವುದು ಮಾತ್ರೆಯ ಕಾರಣದಿಂದ. ಈ ಕಾಯಿಲೆಗೆ ಇಂದಿಗೂ ಮುಖ್ಯ ಮದ್ದು ಲೆವೊಡೋಪಾ. ಅದರ ಹಿಂದಿನ ಕಥೆಗೆ ನಮ್ಮ ಬೇಲಿಗಳ ಸಂಬಂಧವಿದೆ. ಮುಟ್ಟಿದರೆ ಮೈಯೆಲ್ಲ ನವೆ ಹತ್ತಿಸುವ ನಸುಗುನ್ನಿ ಬಳ್ಳಿ ಇದೆಯಲ್ಲ, ಮಲಯಾಳಿಗಳ ನಾಯ್ಕುರಣ, ಅದರ ಬೀಜದಲ್ಲಿ ಈ ವಸ್ತು ಇದೆ ಎಂದು 1937ರಲ್ಲಿ ಬೇರ್ಪಡಿಸಿ ತೋರಿಸಿದವರು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ. ಆಗ ಅದು ನಡುಕಕ್ಕೆ ಮದ್ದಾಗುತ್ತದೆ ಎಂಬ ಸುಳಿವು ರಸಾಯನಶಾಸ್ತ್ರಕ್ಕೆ ಇರಲಿಲ್ಲ. ಇಪ್ಪತ್ತು ವರ್ಷದ ನಂತರ, 1957ರಲ್ಲಿ, ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟು ಅವು ಕದಲದೆ ಕೂರುವಂತೆ ಮಾಡಿದ. ಆಮೇಲೆ ಡೋಪಾ ಚುಚ್ಚಿದ. ಕಲ್ಲಾಗಿದ್ದ ಮೊಲಗಳು ಕಿವಿ ಎತ್ತಿ ಓಡಾಡಿದವು. ರೆಸರ್ಪಿನ್ ಬಂದದ್ದು ನಮ್ಮ ಕಾಡಿನ ಸರ್ಪಗಂಧದ ಬೇರಿನಿಂದ. ಕಟ್ಟಿಹಾಕುವ ಬೇರು, ಬಿಡಿಸುವ ಬೀಜ, ಎರಡೂ ಪಶ್ಚಿಮ ಘಟ್ಟದ ಬುಡದಲ್ಲಿ ಸಿಗುತ್ತವೆ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಲೆವೊಡೋಪಾದ ಕಷ್ಟವೆಂದರೆ ಅದು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂದೊಂದೂವರೆ ಗಂಟೆಗೆ ಅರ್ಧಕ್ಕಿಳಿಯುತ್ತದೆ. ಕಾಯಿಲೆ ಹೊಸತಿರುವಾಗ ಮಿದುಳು ಈ ಏರಿಳಿತವನ್ನು ಹೇಗೋ ಸರಿದೂಗಿಸಿಕೊಳ್ಳುತ್ತದೆ, ವರ್ಷಗಳು ಕಳೆದಂತೆ ಆಗುವುದಿಲ್ಲ. ಆಗ ದಿನ ತುಂಡು ತುಂಡಾಗುತ್ತದೆ. ಮದ್ದು ಹಿಡಿದ ಹೊತ್ತು ‘ಆನ್’, ಬಿಟ್ಟ ಹೊತ್ತು ‘ಆಫ್’. ಹೆಚ್ಚಾದರೆ ಮೈ ತಂತಾನೇ ತೊನೆಯುತ್ತದೆ. ಊಟದ ಪ್ರೋಟೀನು ಮದ್ದಿನ ಜೊತೆ ಒಂದೇ ಬಾಗಿಲಲ್ಲಿ ನುಗ್ಗಲು ಪೈಪೋಟಿ ಮಾಡುವುದರಿಂದ, ಬೆಳಗ್ಗಿನ ಪುಟ್ಟು-ಕಡಲೆಯೂ ಮಧ್ಯಾಹ್ನದ ತೊವ್ವೆಯೂ ನಡಿಗೆಯ ಮೇಲೆ ಪರಿಣಾಮ ಬೀರಬಹುದು. ಇದನ್ನೆಲ್ಲ ಡೈರಿಯಲ್ಲಿ ಅರ್ಧರ್ಧ ಗಂಟೆಯ ಚೌಕಗಳಲ್ಲಿ ಗುರುತು ಹಾಕಿ ತನ್ನಿ ಎನ್ನುವುದು ವಾಡಿಕೆ. ಅಕ್ಷರವನ್ನು ಇರುವೆಯಷ್ಟು ಸಣ್ಣದಾಗಿಸುವ ಕಾಯಿಲೆಗೆ ಡೈರಿ ಬರೆಯುವ ಶಿಕ್ಷೆ! ಇಡೀ ದಿನದ್ದನ್ನು ರಾತ್ರಿ ಮಲಗುವ ಮುಂಚೆ ನೆನಪಿನಿಂದ ತುಂಬಿಸುವವರೇ ಹೆಚ್ಚು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಹಾಗಾಗಿ ವಾಚು. ಮೆಲ್ಬರ್ನ್‌ನಲ್ಲಿ ರೂಪುಗೊಂಡ ಪರ್ಸನಲ್ ಕೈನೆಟಿಗ್ರಾಫ್ ಎಂಬ ಪಟ್ಟಿಯನ್ನು ಒಂದು ವಾರದಷ್ಟು ಕಾಲ ಮಣಿಕಟ್ಟಿಗೆ ಕಟ್ಟಿಕೊಂಡರೆ ಸಾಕು. ಮಾತ್ರೆಯ ಹೊತ್ತಿಗೆ ಅದು ಗುಂಯ್‌ಗುಟ್ಟುತ್ತದೆ, ನುಂಗಿದ ಮೇಲೆ ಮುಟ್ಟಿ ತಿಳಿಸಬೇಕು. ಎರಡೆರಡು ನಿಮಿಷದ ತುಂಡುಗಳಾಗಿ ದಿನವನ್ನು ಸೀಳಿ, ಕೈ ಎಷ್ಟು ನಿಧಾನ, ಎಷ್ಟು ತೊನೆತ ಎಂದು ಗೆರೆ ಎಳೆಯುತ್ತದೆ. ಆಪಲ್ ವಾಚಿನ ಮಾಪಕಗಳಿಂದ ಇದೇ ಏರಿಳಿತ ಹಿಡಿಯಬಹುದೆಂದು 2021ರಲ್ಲಿ ಸಂಶೋಧನಾ ಬರಹ ಬಂತು. 2023ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಇಂಥ ಐದು ಸಾಧನಗಳನ್ನು, ಇನ್ನಷ್ಟು ಪುರಾವೆ ಕೂಡಿಸುತ್ತ ಹೋಗಬೇಕೆಂಬ ಷರತ್ತಿನ ಮೇಲೆ, ಬಳಸಲು ಒಪ್ಪಿತು.

ಇದನ್ನು ಕೊಚ್ಚಿಯ ಒಂದು ಮನೆಯೊಳಗೆ ಇಟ್ಟು ನೋಡಬೇಕೆನಿಸುತ್ತದೆ. ಒಬ್ಬರನ್ನು ಕಲ್ಪಿಸಿಕೊಳ್ಳುತ್ತೇನೆ. ಕುಂಬಳೆ ಕಡೆಯಿಂದ ಹುಡುಗನಾಗಿದ್ದಾಗ ಹೋಗಿ, ಎರ್ನಾಕುಲಂನಲ್ಲಿ ಉಡುಪಿ ಹೋಟೆಲು ನಡೆಸಿ, ಈಗ ಕಲೂರಿನ ಹತ್ತಿರ ಫ್ಲಾಟಿನಲ್ಲಿರುವ ಒಬ್ಬ ಯಜಮಾನರು. ಕಾವಲಿಯ ಮೇಲೆ ಕಣ್ಣುಮುಚ್ಚಿ ದೋಸೆ ಹುಯ್ಯುತ್ತಿದ್ದ ಬಲಗೈ ಈಗ ಟಿ.ವಿ. ಮುಂದೆ ಕೂತಾಗ ಸೆಕೆಂಡಿಗೆ ನಾಲ್ಕೈದು ಸಲ ಆಡುತ್ತದೆ. ವಿಚಿತ್ರವೆಂದರೆ ಲೋಟ ಎತ್ತಲು ಚಾಚಿದ ಕೂಡಲೇ ನಿಲ್ಲುತ್ತದೆ, ನಿದ್ದೆಯಲ್ಲಿ ಇಲ್ಲವೇ ಇಲ್ಲ, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರೆ ಜೋರಾಗುತ್ತದೆ. ಕೈಗೆ ಕೆಲಸ ಕೊಟ್ಟರೆ ನಡುಕವಿಲ್ಲ, ತಲೆಗೆ ಕೊಟ್ಟರೆ ಉಂಟು.

ಈ ನಡುಕವನ್ನು ಹಿಡಿಯುವುದು ವಾಚಿಗೆ ಎಲ್ಲಕ್ಕಿಂತ ಸುಲಭ, ಏಕೆಂದರೆ ಅದಕ್ಕೊಂದು ತಾಳವಿದೆ. ಆದರೆ ಹಲ್ಲುಜ್ಜುವ ಕೈಗೂ ತಾಳವಿದೆ. ಕಾಯಿ ಹೆರೆಯುವ ಕೈಗೂ, ಆಟೋದಲ್ಲಿ ಕೂತು ಎಂ.ಜಿ. ರಸ್ತೆಯಲ್ಲಿ ಹೋಗುವ ಕೈಗೂ ಇದೆ. ಯಂತ್ರ ಕಲಿಯಬೇಕಾದದ್ದು ನಡುಕವನ್ನಲ್ಲ, ನಡುಕವಲ್ಲದ ಇಡೀ ಸಂಸಾರವನ್ನು. ಚೆಂಡೆ ಬಾರಿಸುವವರೊಬ್ಬರಿಗೆ ಇಂಥ ವಾಚು ಕಟ್ಟಿದರೆ ಅದು ಏನೆಂದುಕೊಳ್ಳುತ್ತದೋ ಎಂದು ನನಗೆ ಬಹಳ ಕುತೂಹಲ.

ನಿಧಾನಗತಿ ಇನ್ನೂ ಕಷ್ಟ. ನಡುಕ ಇರುವಂಥದ್ದು, ನಿಧಾನ ಇಲ್ಲದಿರುವಂಥದ್ದು. ನಡೆಯುವಾಗ ಬೀಸಬೇಕಿದ್ದ ಕೈ ಬೀಸಲಿಲ್ಲ, ಮಲಗಿದವರು ಮಗ್ಗುಲು ಬದಲಿಸಲಿಲ್ಲ, ಮಾತಾಡುವಾಗ ಆಡಬೇಕಿದ್ದ ಬೆರಳು ಮಡಿಲಲ್ಲೇ ಉಳಿಯಿತು. ನಡೆಯದೇ ಹೋದದ್ದನ್ನು ಅಳೆಯುವುದು ಹೇಗೆ? ಆದರೂ ಅಳೆಯಬಹುದು ಎಂಬುದಕ್ಕೆ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ ಲೆಕ್ಕ ಬ್ರಿಟನ್ನಿನದು. 2013ರಿಂದ 2016ರವರೆಗೆ ಅಲ್ಲಿನ ಯು.ಕೆ. ಬಯೋಬ್ಯಾಂಕ್ ಎಂಬ ಆರೋಗ್ಯ ಅಧ್ಯಯನ ಲಕ್ಷಕ್ಕೂ ಹೆಚ್ಚು ಜನರಿಗೆ ಒಂದು ವಾರ ಮಣಿಕಟ್ಟಿನ ಮಾಪಕ ಕಟ್ಟಿಸಿತ್ತು. ಆ ದತ್ತಾಂಶವನ್ನು ಕಾರ್ಡಿಫ್‌ನ ಸಂಶೋಧಕರು 2023ರಲ್ಲಿ ಮತ್ತೆ ತೆರೆದು ನೋಡಿದರು. ಮುಂದೆ ಪಾರ್ಕಿನ್‌ಸನ್ ಎಂದು ಗೊತ್ತಾದವರ ಚಲನೆ, ಅದು ಗೊತ್ತಾಗುವುದಕ್ಕಿಂತ ಏಳು ವರ್ಷಗಳಷ್ಟು ಮೊದಲೇ ಮಂದವಾಗಿತ್ತು. ಅವರಿಗೆ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ತೋಟಕ್ಕೆ ಹೋಗುತ್ತಿದ್ದರು, ಚೀಟಾಡುತ್ತಿದ್ದರು, ಎಲ್ಲವೂ ಸರಿಯಾಗಿದೆ ಎಂದುಕೊಂಡಿದ್ದರು. ಕೈ ಮಾತ್ರ ದಿನಕ್ಕೆ ಒಂದಿಷ್ಟು ಕಡಿಮೆ ಆಡುತ್ತಿತ್ತು.

ಹೀಗೆ ಮೊದಲೇ ತಿಳಿದು ಮಾಡುವುದೇನು ಎಂಬ ಪ್ರಶ್ನೆಗೆ ಇವತ್ತಿಗೆ ಒಳ್ಳೆಯ ಉತ್ತರವಿಲ್ಲ. ಕಾಯಿಲೆಯ ಓಟವನ್ನೇ ತಡೆಯುವ ಮದ್ದು ಬರುವವರೆಗೆ ಏಳು ವರ್ಷದ ಮುನ್ಸೂಚನೆ ಏಳು ವರ್ಷದ ಚಿಂತೆಯೂ ಆಗಬಹುದು. ಕೇರಳದಲ್ಲಿ ಈ ಮಾತಿಗೆ ಬೇರೆ ತೂಕವಿದೆ. 2011ರ ಜನಗಣತಿಯಲ್ಲೇ ಅಲ್ಲಿ 60 ದಾಟಿದವರು ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚಿದ್ದರು, ದೇಶದ ಸರಾಸರಿ ಒಂಬತ್ತನ್ನೂ ಮುಟ್ಟಿರಲಿಲ್ಲ. ಮಕ್ಕಳು ದುಬೈಯಲ್ಲಿ, ಡಬ್ಲಿನ್ನಿನಲ್ಲಿ. ಅಪ್ಪನ ಕೈಯ ನಡುಕದ ಗೆರೆ ಮಗಳ ಫೋನಿನಲ್ಲಿ ಮೂಡಿದರೆ ಅವಳಿಗೆ ಸಮಾಧಾನವೋ ಸಂಕಟವೋ? ‘ಅಪ್ಪಾ, ನಿನ್ನೆ ಮೂರು ಗಂಟೆಗೆ ಮಾತ್ರೆ ತಪ್ಪಿಸಿದ್ಯಾ?’ ಎಂದು ಏಳು ಸಮುದ್ರದಾಚೆಯಿಂದ ಫೋನು ಬಂದರೆ ಅಪ್ಪ ವಾಚು ಬಿಚ್ಚಿಡಬಹುದು. ಬಿಚ್ಚಿಡುವ ಹಕ್ಕು ಅವರದು ಎಂದು ನಾನಂತೂ ಹೇಳುತ್ತೇನೆ.

ಇನ್ನೊಂದು ತಕರಾರೂ ಇದೆ. ವಾಚಿಗೆ ಸುಲಭವಾದದ್ದು ರೋಗಿಗೆ ಭಾರವಾದದ್ದೇ ಆಗಬೇಕೆಂದಿಲ್ಲ. ನಡುಕವನ್ನು ಜೇಬಿನಲ್ಲಿ ಬಚ್ಚಿಡಬಹುದು. ಅಂಗಿಯ ಗುಂಡಿ, ಅನ್ನ ಕಲಸುವುದು, ರಾತ್ರಿ ಹೊದಿಕೆಯಡಿ ಮಗ್ಗುಲಾಗುವುದು ಇವು ಬಚ್ಚಿಡಲಾಗದವು. ಮುಖವೂ ಅಷ್ಟೆ. ಫೋರ್ಟ್ ಕೊಚ್ಚಿಯಲ್ಲಿ ಪ್ರವಾಸಿಗಳ ಮುಂದೆ ಕಥಕಳಿಯ ನಟ ಒಂದೇ ಹುಬ್ಬನ್ನು ಎತ್ತಿ ಇಳಿಸಿ ಚಪ್ಪಾಳೆ ಗಿಟ್ಟಿಸುತ್ತಾನೆ, ಅದಕ್ಕೆ ವರ್ಷಗಳ ಅಭ್ಯಾಸ. ನಮ್ಮ ಯಜಮಾನರ ಮುಖದಲ್ಲಿ ಯಾವ ಅಭ್ಯಾಸವೂ ಇಲ್ಲದೆ ಆಡುತ್ತಿದ್ದ ಸಾವಿರ ಸಣ್ಣ ಅಲೆಗಳು ಈಗ ನಿಂತಿವೆ. ಗಿರಾಕಿಗಳನ್ನು ನಗುತ್ತ ಮಾತಾಡಿಸಿ ಹೋಟೆಲು ಬೆಳೆಸಿದ ಮುಖ ಅದು. ಈಗ ನೆಂಟರು ಬಂದರೆ ಇವರಿಗೆ ಸಿಟ್ಟು ಬಂದಿದೆ ಎಂದುಕೊಂಡು ಬೇಗ ಎದ್ದುಹೋಗುತ್ತಾರೆ. ಮಣಿಕಟ್ಟಿನಲ್ಲಿ ಕೂತ ಯಂತ್ರಕ್ಕೆ ಇದು ಕಾಣುವುದಿಲ್ಲ.

ಮಿದುಳಿನ ಆಳದಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಗಂಟಿದೆ. ಶಸ್ತ್ರಚಿಕಿತ್ಸೆಯಲ್ಲಿ ತಂತಿ ಇಳಿಸುವುದು ಸಾಮಾನ್ಯವಾಗಿ ಅಲ್ಲಿಗೇ. ಆ ತಂತಿಗಳು ಈಗ ವಿದ್ಯುತ್ ಕೊಡುವುದರ ಜೊತೆಗೆ ಅಲ್ಲಿನ ಗುನುಗನ್ನು ಕೇಳಿಸಿಕೊಳ್ಳಲೂ ಕಲಿತಿವೆ, ರೋಗಿ ಮನೆಯಲ್ಲಿರುವಾಗಲೂ. ಸೆಕೆಂಡಿಗೆ 13ರಿಂದ 35 ಸಲದ ಒಂದು ಗುನುಗು ಎಲ್ಲರ ಮಿದುಳಲ್ಲೂ ಉಂಟು, ಬೀಟಾ ಎಂದು ಹೆಸರು. ಕೈ ಎತ್ತುವ ಮೊದಲು ಅದು ತಗ್ಗುತ್ತದೆ, ಕೈ ನಿಂತ ಮೇಲೆ ಏರುತ್ತದೆ. ಪಾರ್ಕಿನ್‌ಸನ್ ಆದವರಲ್ಲಿ ಏರಿಯೇ ಇರುತ್ತದೆ, ಮಾತ್ರೆ ಹಿಡಿದಾಗ ಇಳಿಯುತ್ತದೆ. ‘ಇದ್ದ ಹಾಗೇ ಇರು’ ಎಂಬ ಅಪ್ಪಣೆ ಇದಿರಬಹುದು ಎಂದು ಕೆಲವು ನರವಿಜ್ಞಾನಿಗಳ ಊಹೆ. ಊಹೆ ನಿಜವಾದರೆ, ಅಲುಗದ ಮನುಷ್ಯನ ಒಳಗೆ ಚಲನೆ ಸತ್ತಿಲ್ಲ. ಸುಮ್ಮನಿರುವ ಕೆಲಸ ಬಿಡಲಾರದೆ ನಡೆಯುತ್ತಿದೆ.

ಹೀಗಂದುಕೊಂಡರೆ 2010ರಲ್ಲಿ ವರದಿಯಾದ ಒಬ್ಬ ಡಚ್ ರೋಗಿಯ ಸಂಗತಿ ಸ್ವಲ್ಪ ಹತ್ತಿರವಾಗುತ್ತದೆ. ಹತ್ತು ವರ್ಷದಿಂದ ಕಾಯಿಲೆ, ವಯಸ್ಸು 58. ನಾಲ್ಕು ಹೆಜ್ಜೆ ಇಡಲಾಗದೆ ಬೀಳುತ್ತಿದ್ದವನು ಸೈಕಲ್ ಹತ್ತಿಸಿದರೆ ತುಳಿದುಕೊಂಡು ತಿರುವು ತೆಗೆದುಕೊಂಡು ಬಂದ. ವೈದ್ಯ ಬಾಸ್ ಬ್ಲೂಮ್ ಅದನ್ನು ಚಿತ್ರೀಕರಿಸಿ ವೈದ್ಯಲೋಕಕ್ಕೆ ತೋರಿಸಿದ. ಇಳಿದ ಕೂಡಲೇ ಕಾಲು ಮತ್ತೆ ನೆಲಕ್ಕಂಟಿತು. ನೆಲದ ಮೇಲೆ ಅಡ್ಡಗೆರೆ ಎಳೆದರೆ, ಯಾರಾದರೂ ಒಂದು ಎರಡು ಎಂದು ಎಣಿಸಿದರೆ ಅಂಟಿದ ಕಾಲು ಏಳುವುದುಂಟು. ಒಳಗಿನ ಇಚ್ಛೆಗೆ ಮಣಿಯದ ಕಾಲು ಹೊರಗಿನ ಗೆರೆಗೆ ಮಣಿಯುತ್ತದೆ. ಇಚ್ಛೆಯ ಹಾದಿ ಬೇರೆ, ಕಣ್ಣು ಕಿವಿಗಳಿಂದ ಹೊರಡುವ ಹಾದಿ ಬೇರೆ ಎನ್ನುತ್ತಾರೆ. ಆ ಎರಡನೆಯ ಹಾದಿ ನಮ್ಮೆಲ್ಲರೊಳಗೂ ಇದೆಯಂತೆ, ನಾವು ಅದನ್ನು ಬೇರೆಯಾಗಿ ಗುರುತಿಸಿಯೇ ಇಲ್ಲ.

ಕಾಲು ಅಂಟುವ ಹೊತ್ತಿನಲ್ಲಿ ಮೊಣಕಾಲಿನೊಳಗೆ ಸೆಕೆಂಡಿಗೆ 3ರಿಂದ 8 ಸಲದ ಒಂದು ಅದುರು ಇರುತ್ತದೆ. ನಡಿಗೆಯ ಲಯ ಅದಕ್ಕಿಂತ ನಿಧಾನ. ಇವೆರಡನ್ನು ಹೋಲಿಸಿದರೆ ಕಾಲು ಅಂಟಿದ್ದು ಮಾಪಕಕ್ಕೆ ತಿಳಿಯುತ್ತದೆ ಎಂದು 2008ರಲ್ಲಿ ತೋರಿಸಿದರು. ಅಂಟಿದ್ದನ್ನು ಕಂಡ ಕೂಡಲೇ ಟಿಕ್ ಟಿಕ್ ಎಂದು ತಾಳ ಕೊಡುವ ಸಾಧನಗಳ ಪ್ರಯತ್ನಗಳೂ ನಡೆದಿವೆ.

ಕಲೂರಿನ ಫ್ಲಾಟಿನಲ್ಲಿ ಯಜಮಾನರು ಅಂಟಿಕೊಳ್ಳುವುದು ಹೆಚ್ಚಾಗಿ ಲಿಫ್ಟಿನ ಎದುರು. ಇಕ್ಕಟ್ಟಾದ ಬಾಗಿಲೆಂದರೆ ಈ ಕಾಯಿಲೆಗೆ ಆಗದು. ಬಾಗಿಲು ತೆರೆಯುತ್ತದೆ, ಕಾಲು ಬರುವುದಿಲ್ಲ. ಮನೆಯಾಕೆ ತನ್ನ ಪಾದವನ್ನು ಅವರ ಪಾದದ ಮುಂದೆ ಅಡ್ಡವಾಗಿ ಇಟ್ಟು, ‘ಇದನ್ನು ದಾಟಿ ನೋಡುವ’ ಎನ್ನುತ್ತಾರೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ಉಪಾಯ. ಅವರು ದಾಟುತ್ತಾರೆ, ಒಂದು ಹೆಜ್ಜೆ, ಅದರ ಬೆನ್ನಿಗೆ ಇನ್ನೊಂದು. ಅಷ್ಟರಲ್ಲಿ ಲಿಫ್ಟು ಯಾರೋ ಕರೆದರೆಂದು ಮೂರನೇ ಮಹಡಿಗೆ ಹೋಗಿರುತ್ತದೆ. ‘ಇನ್ನೊಮ್ಮೆ ಒತ್ತಿ’ ಎನ್ನುತ್ತಾರೆ ಆಕೆ, ಮತ್ತು ಗುಂಡಿಯನ್ನು ಅವರೇ ಒತ್ತಲಿ ಎಂದು ಕಾಯುತ್ತಾರೆ.